ಎಲ್ಲಿಗೆ ಹೋಯ್ತು? ಚಿಕ್ಕ ಮಕ್ಕಳಿಗೆ ಮಾಲಿನ್ಯ ಅರ್ಥ ಮಾಡಿಸುವ ದಾರಿ

ಅಪ್ಪ ಅಮ್ಮಂದಿರು, ಟೀಚರ್‌ಗಳು, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ ತಾತಂದಿರು ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇದೇ ಪ್ರಶ್ನೆ. "ಮಗುವಿಗೆ ಮಾಲಿನ್ಯದ ಬಗ್ಗೆ ಹೇಗೆ ಹೇಳೋದು? ಹೇಳಿದಾಗ ತಲೆ ಆಡಿಸುತ್ತೆ, ಐದು ನಿಮಿಷಕ್ಕೆ ಬಿಸ್ಕತ್ತಿನ ಕವರ್ ನೆಲಕ್ಕೆ ಬಿಸಾಕುತ್ತೆ." ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. 3ರಿಂದ 10 ವರ್ಷದ ಮಕ್ಕಳಿಗೆ ಇದು ಹೊಂದುತ್ತದೆ. ವಾರಕ್ಕೆ ಎರಡು ಸಲ, ಒಂದೊಂದು ಸಲ 15-20 ನಿಮಿಷ, ಒಟ್ಟು ಸುಮಾರು 8 ವಾರ. ಅಷ್ಟು ಸಾಕು.

ಕವರ್ ಬಿಸಾಕಿದ್ದು ಮಗುವಿನ ತಪ್ಪಲ್ಲ. "ಪರಿಸರ ಉಳಿಸಿ" ಅಂದರೆ ನಾಲ್ಕು ವರ್ಷದ ಮಗುವಿಗೆ ಏನು ಅರ್ಥ ಆಗಬೇಕು ಹೇಳಿ? ಪರಿಸರ ಯಾವುದು, ಉಳಿಸೋದು ಅಂದರೆ ಡಬ್ಬಿಯಲ್ಲಿ ಹಾಕಿ ಇಡೋದಾ? ಮಕ್ಕಳ ಲೆಕ್ಕದಲ್ಲಿ ಕಣ್ಣಿಗೆ ಮರೆಯಾದದ್ದು ಮುಗಿದು ಹೋದ ಹಾಗೆ. ಬುಟ್ಟಿಗೆ ಹಾಕಿದ ಕಸ ಮುಗೀತು, ಸಿಂಕಿಗೆ ಸುರಿದ ನೀರು ಮುಗೀತು, ಮೇಲೆ ಹೋದ ಹೊಗೆ ಮುಗೀತು. ನಿಜ ಹೇಳಬೇಕೆಂದರೆ ದೊಡ್ಡವರೂ ಹೀಗೇ ಬದುಕುತ್ತಿದ್ದೇವೆ. ಹಾಗಾಗಿ ಇಡೀ ಪಾಠವನ್ನು ಒಂದೇ ಪ್ರಶ್ನೆಗೆ ಕಟ್ಟಿಬಿಡಿ: "ಎಲ್ಲಿಗೆ ಹೋಯ್ತು?" ಮೂರು ವರ್ಷದ ಮಗುವಿಗೂ ಈ ಪ್ರಶ್ನೆ ಗೊತ್ತು. ಕೈಯಲ್ಲಿದ್ದ ಚೆಂಡು ಕಾಣದಿದ್ದರೆ ಅದು ಕೇಳುವುದೂ ಇದನ್ನೇ, ಅಲ್ವಾ?

ಮಾಲಿನ್ಯ ಅಂದರೆ ಏನು ಅಂತ ಮಗು ಕೇಳಿದರೆ ಹೇಳಲು ಒಂದು ಸಾಲು: "ಇರಬಾರದ ಜಾಗದಲ್ಲಿ, ಇರಬಾರದಷ್ಟು ಸೇರಿಕೊಂಡಿರೋದು." ಮಣ್ಣು ತೋಟದಲ್ಲಿದ್ದರೆ ಮಣ್ಣು, ಕುಡಿಯೋ ನೀರಿನಲ್ಲಿದ್ದರೆ ಕೊಳೆ. ಹಾಡು ಸಂಜೆ ಹಾಡು, ನಡುರಾತ್ರಿ ಲೌಡ್‌ಸ್ಪೀಕರಿನಲ್ಲಿ ಬಂದರೆ ಗಲಾಟೆ. ಈ ಸಾಲನ್ನು ಮೊದಲೇ ಹೇಳಬೇಡಿ. ಮಗು ಕೇಳುವ ತನಕ ಕಾಯಿರಿ.

ಏನೇನು ಬೇಕು

ಎರಡು ಮೂರು ಹಳೆಯ ಗಾಜಿನ ಬಾಟಲಿ, ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ, ತೂತಿರುವ ಒಂದು ಹೂಕುಂಡ, ತೋಟದ ಮಣ್ಣು, ಸ್ವಲ್ಪ ಮರಳು ಮತ್ತು ಸಣ್ಣ ಜಲ್ಲಿಕಲ್ಲು, ಹತ್ತಿ, ಬಿಳಿ ಬಟ್ಟೆ ಚೂರು, ಬಿಳಿ ರಟ್ಟು, ಪೆಟ್ರೋಲಿಯಂ ಜೆಲ್ಲಿ, ತಿನಿಸಿಗೆ ಹಾಕುವ ಬಣ್ಣ, ಒಂದು ಬಿಳಿ ಹೂವು, ಹಳೆಯ ನೋಟ್‌ಬುಕ್. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ತೋರಿಸಿ.

ಇಲ್ಲೇ ಮೊದಲ ಎಚ್ಚರಿಕೆ. ಈ ಪಾಠಕ್ಕೆಂದು ಹೊಸ ಸಾಮಾನು ಕೊಳ್ಳಬೇಡಿ. ಪರಿಸರ ದಿನದ ಪ್ರಾಜೆಕ್ಟ್‌ಗೆ ಹೊಸ ಥರ್ಮೋಕೋಲ್ ಹಾಳೆ, ಹೊಸ ಗ್ಲಿಟರ್, ಪ್ಲಾಸ್ಟಿಕ್ ಎಲೆ ತಂದು ಅಂಟಿಸಿ, ಮಾರನೆಯ ದಿನ ಎಲ್ಲವನ್ನೂ ಬುಟ್ಟಿಗೆ ಹಾಕುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗ್ಲಿಟರ್ ಬಹುಪಾಲು ಪ್ಲಾಸ್ಟಿಕ್ಕೇ, ಅದೂ ಮತ್ತೆ ಆರಿಸಿ ತೆಗೆಯಲಾಗದಷ್ಟು ಸಣ್ಣ ಪ್ಲಾಸ್ಟಿಕ್. ಪೆನ್ ಸ್ಟ್ಯಾಂಡ್ ಮಾಡಬೇಕು ಅಂತ ಕೂಲ್‌ಡ್ರಿಂಕ್ ಬಾಟಲಿ ಕೊಂಡು ತರುವವರೂ ಇದ್ದಾರೆ! ಮಗು ಭಾಷಣ ಮರೆಯುತ್ತದೆ, ಈ ಶಾಪಿಂಗ್ ಮಾತ್ರ ನೆನಪಿಟ್ಟುಕೊಳ್ಳುತ್ತದೆ.

ವಯಸ್ಸು ನೋಡಿಕೊಳ್ಳಿ. 3-5 ವರ್ಷದವರಿಗೆ ಮುಟ್ಟುವುದು, ನೋಡುವುದು, ಬೇರೆ ಮಾಡುವುದು ಅಷ್ಟೇ. 6-7ಕ್ಕೆ "ಯಾಕೆ" ಸೇರುತ್ತದೆ. 8 ದಾಟಿದವರಿಗೆ ಅಳತೆ, ಲೆಕ್ಕ, ಹೋಲಿಕೆ ಎಲ್ಲ ಕೊಡಬಹುದು. ಎರಡು ವಯಸ್ಸಿನ ಮಕ್ಕಳು ಒಟ್ಟಿಗಿದ್ದರೆ ದೊಡ್ಡದಕ್ಕೆ ಬರೆಯುವ ಕೆಲಸ, ಚಿಕ್ಕದಕ್ಕೆ ಅಗೆಯುವ ಕೆಲಸ ಕೊಡಿ. ಜಗಳ ಕಡಿಮೆ.

ಹಂತ 1: ಮೊದಲು ಇಷ್ಟ ಆಗಲಿ

ಕಸ, ಹೊಗೆ, ಸಾಯುವ ಮೀನು ಇವುಗಳಿಂದ ಶುರು ಮಾಡಬೇಡಿ. ಇದು ತುಂಬಾ ಜನ ಮಾಡುವ ತಪ್ಪು. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬಿ ಸತ್ತ ಹಕ್ಕಿಯ ವಿಡಿಯೋ ತೋರಿಸಿದರೆ ಮಗುವಿಗೆ ಬುದ್ಧಿ ಬರುತ್ತದೆ ಅಂದುಕೊಳ್ಳುತ್ತಾರೆ. ಬರುವುದು ಭಯ. ಡೇವಿಡ್ ಸೋಬೆಲ್ ಎಂಬ ಅಮೆರಿಕದ ಶಿಕ್ಷಣ ತಜ್ಞರು 1990ರ ದಶಕದಲ್ಲೇ ಇದಕ್ಕೆ "ಇಕೋಫೋಬಿಯಾ" ಎಂಬ ಹೆಸರು ಬಳಸಿದರು. ಪರಿಸರದ ಸಮಸ್ಯೆಗಳನ್ನು ಕೇಳಿ ಕೇಳಿ ಪ್ರಕೃತಿಯ ಬಗ್ಗೆಯೇ ಹೆದರಿಕೆ ಹುಟ್ಟುವುದು ಅಂತ ಅರ್ಥ. ನೋಡಿಯೇ ಇಲ್ಲದ ಕಾಡಿನ ನಾಶದ ಕಥೆಯನ್ನು ಪುಟ್ಟ ಮಕ್ಕಳ ಮೇಲೆ ಹೇರಬೇಡಿ, ಮೊದಲು ಹತ್ತಿರದ ಮಣ್ಣು ಮರದ ಜೊತೆ ಸ್ನೇಹ ಬೆಳೆಯಲಿ ಎನ್ನುವುದು ಅವರ ಮಾತಿನ ಸಾರ.

ಹಾಗಾದರೆ ಏನು ಮಾಡಬೇಕು? ಮನೆಯ ಹತ್ತಿರದ ಒಂದು ಮರವನ್ನೋ, ಗಿಡವನ್ನೋ ಮಗುವೇ ಆರಿಸಲಿ. ಅದಕ್ಕೊಂದು ಹೆಸರಿಡಲಿ. ವಾರಕ್ಕೊಮ್ಮೆ ಹತ್ತು ನಿಮಿಷ ಅದರ ಕೆಳಗೆ ಕೂತು ಬನ್ನಿ. ತೊಗಟೆ ಮುಟ್ಟಲಿ, ಬಿದ್ದ ಎಲೆ ಆರಿಸಲಿ, ಇರುವೆ ಸಾಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಲಿ. ನೋಡಿ, "ಎಲ್ಲಿಗೆ ಹೋಯ್ತು" ಇಲ್ಲೇ ಶುರುವಾಯಿತು. ನೀವು ಸುಮ್ನೆ ಪಕ್ಕದಲ್ಲಿರಿ. ಮರ ನಮಗೆ ಆಮ್ಲಜನಕ ಕೊಡುತ್ತೆ ಅಂತ ಪಾಠ ಒಪ್ಪಿಸುವುದು ಬೇಡ.

ಒಂದು ಮಾತಿನ ಬಗ್ಗೆ ಎಚ್ಚರ ಇರಲಿ. ಮಗು ಎರೆಹುಳು ಹಿಡಿದಾಗ "ಛೀ, ಬಿಡು, ಗಲೀಜು" ಅನ್ನಬೇಡಿ. ಮಣ್ಣು ಗಲೀಜು, ಹುಳ ಗಲೀಜು ಅಂತ ಕಲಿತ ಮಗುವಿಗೆ ಮುಂದೆ ನಿಜವಾದ ಗಲೀಜು ಯಾವುದು ಅಂತ ಹೇಳಿಕೊಡುವುದು ಕಷ್ಟ. "ಮೆಲ್ಲಗೆ ಹಿಡ್ಕೋ, ಆಮೇಲೆ ಅಲ್ಲೇ ಬಿಡು, ಕೈ ತೊಳ್ಕೋ" ಅಂದರೆ ಆಯಿತು.

ಹಂತ 2: ಕಸದ ಬುಟ್ಟಿ ಬಿಚ್ಚಿ, ಕುಂಡದಲ್ಲಿ ಹೂಳಿ

ಒಂದು ದಿನದ ಒಣ ಕಸವನ್ನು ಹಳೆಯ ಪೇಪರ್ ಮೇಲೆ ಸುರಿಯಿರಿ. ಒಣ ಕಸ ಅಂದರೆ ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ ಇಂಥವು. ಸಿಪ್ಪೆ, ಉಳಿದ ಆಹಾರ, ಎಲೆ ಇವು ಹಸಿ ಕಸ. ಸುರಿಯುವ ಮುಂಚೆ ನೀವೇ ಒಮ್ಮೆ ನೋಡಿ, ಒಡೆದ ಗಾಜು, ಬ್ಲೇಡ್, ಮಾತ್ರೆ, ಡೈಪರ್, ಬ್ಯಾಟರಿ ತೆಗೆದಿಡಿ. ಅದರಲ್ಲೂ ಗುಂಡಿಯಂಥ ಚಿಕ್ಕ ಬ್ಯಾಟರಿಗಳು. ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಗಂಟಲೊಳಗೆ ಸುಟ್ಟ ಗಾಯ ಮಾಡುತ್ತವೆ, ಆದ್ದರಿಂದ ಇದರಲ್ಲಿ ತಮಾಷೆ ಬೇಡ.

ಈಗ ಮಗುವಿಗೆ ಮೂರು ಗುಂಪು ಮಾಡಲು ಹೇಳಿ: ಮಣ್ಣು ತಿನ್ನುವುದು, ಮತ್ತೆ ಬಳಸಬಹುದಾದದ್ದು, ಏನು ಮಾಡೋದೋ ಗೊತ್ತಿಲ್ಲದ್ದು. ಮೂರನೆಯ ಗುಂಪೇ ದೊಡ್ಡದಾಗುತ್ತದೆ, ಅಲ್ಲೇ ಮಾತು ಶುರುವಾಗುತ್ತದೆ. ಚಿಪ್ಸ್ ಕವರ್ ಎತ್ತಿ ತೋರಿಸಿ, "ಇದು ನಾಳೆ ಎಲ್ಲಿಗೆ ಹೋಗುತ್ತೆ?" ಮಗು "ಗಾಡಿಗೆ" ಅನ್ನುತ್ತದೆ. "ಆಮೇಲೆ?" ಇಬ್ಬರೂ ಸೇರಿ ಕಸ ಒಯ್ಯುವವರನ್ನೇ ಕೇಳಿ ಬನ್ನಿ. ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಅವರನ್ನು ತೋರಿಸಿ "ಓದದಿದ್ರೆ ನೀನೂ ಹಾಗೇ ಆಗ್ತೀಯ" ಅನ್ನುವ ಮಾತು ಮಾತ್ರ ಯಾವತ್ತೂ ಬಾಯಿಂದ ಬರಬಾರದು. ಆ ಒಂದು ಮಾತಿಗೆ ಎಂಟು ವಾರದ ಪಾಠ ಕೊಚ್ಚಿ ಹೋಗುತ್ತದೆ.

ಇನ್ನು ಕುಂಡ. ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಮಾಡಿ, ಮತ್ತು ಮೊದಲ ವಾರವೇ ಮಾಡಿ, ಯಾಕೆಂದರೆ ಇದಕ್ಕೆ ಸಮಯ ಜಾಸ್ತಿ ಬೇಕು. ಕುಂಡಕ್ಕೆ ಅರ್ಧ ಮಣ್ಣು ಹಾಕಿ. ಅಂಗೈ ಅಗಲದ ಐದು ಚೂರು ತಗೊಳ್ಳಿ: ಬಾಳೆಹಣ್ಣಿನ ಸಿಪ್ಪೆ, ಒಣಗಿದ ಎಲೆ, ನ್ಯೂಸ್‌ಪೇಪರ್, ಹತ್ತಿ ಬಟ್ಟೆ, ಪ್ಲಾಸ್ಟಿಕ್ ಕವರ್. ಒಂದಕ್ಕೊಂದು ತಾಗದ ಹಾಗೆ ಇಟ್ಟು, ಪ್ರತಿಯೊಂದರ ಪಕ್ಕ ಒಂದು ಕಡ್ಡಿ ನೆಟ್ಟು, ಮೇಲೆ ನಾಲ್ಕು ಬೆರಳಿನಷ್ಟು ಮಣ್ಣು ಮುಚ್ಚಿ. ಕಡ್ಡಿಗೆ ಚಿತ್ರ ಅಂಟಿಸಿದರೆ ಓದಲು ಬಾರದ ಮಗುವಿಗೂ ಗೊತ್ತಾಗುತ್ತದೆ. ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಿ. ಹೂಳುವ ಮುಂಚೆ ಮಗುವನ್ನು ಕೇಳಿ, "ಯಾವುದು ಮೊದಲು ಮಾಯ ಆಗುತ್ತೆ?" ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ತಪ್ಪಾಗಿದ್ದರೂ ತಿದ್ದಬೇಡಿ.

4 ವಾರ ಬಿಟ್ಟು ಮೆಲ್ಲಗೆ ಅಗೆಯಿರಿ. ಸಿಪ್ಪೆ ಇದ್ದ ಕಡೆ ಬಹುಶಃ ಕಪ್ಪು ಮೆತ್ತನೆಯ ಮಣ್ಣು ಸಿಗುತ್ತದೆ, ಜೊತೆಗೆ ಒಂದಷ್ಟು ಬಿಳಿ ನೂಲಿನಂಥದ್ದು. ಅದು ಬೂಷ್ಟು, ಅಂದರೆ ಶಿಲೀಂಧ್ರ. ಕೊಳೆಸುವ ಕೆಲಸದಲ್ಲಿ ಅದು ಮತ್ತು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಜೊತೆಗಾರರು. ಪೇಪರ್ ಮುಟ್ಟಿದರೆ ಪಿಸಿಯುತ್ತದೆ. ಬಟ್ಟೆ ಎಳೆದರೆ ಹರಿಯುವಷ್ಟು ಸಡಿಲ ಆಗಿರಬಹುದು. ಎಲೆಯ ಮೆತ್ತನೆ ಭಾಗ ಅಲ್ಲಲ್ಲಿ ಹೋಗಿ ನರಗಳು ಬಲೆಯ ಹಾಗೆ ಉಳಿದಿರುತ್ತವೆ, ಅದನ್ನು ಬೆಳಕಿಗೆ ಹಿಡಿದು ತೋರಿಸಿ. ಕೊನೆಗೆ ಪ್ಲಾಸ್ಟಿಕ್ ಕವರ್. ನೀರಲ್ಲಿ ಅದ್ದಿ ಒರೆಸಿ ಕೊಡಿ. ಅದರ ಮೇಲಿನ ಅಕ್ಷರ ಕೂಡ ಹಾಗೇ ಇರುತ್ತದೆ. ಆಗ ನೀವು ಏನೂ ಮಾತಾಡಬೇಡಿ. ಮಗುವೇ ಮಾತಾಡುತ್ತದೆ.

ಕುಂಡ ಕೈಕೊಡುವುದು ಎರಡು ಕಾರಣಕ್ಕೆ. ಒಂದು, ತೆಂಗಿನ ನಾರಿನ ಪುಡಿ ಅಥವಾ ಪ್ಯಾಕೆಟ್ಟಿನಲ್ಲಿ ಬರುವ ಬರೀ ಮಿಶ್ರಣ ಹಾಕಿದರೆ ಅದರಲ್ಲಿ ಜೀವಿಗಳು ಕಡಿಮೆ, ಕೊಳೆಯುವುದು ನಿಧಾನ. ಬಯಲಿನ ನಿಜವಾದ ಮಣ್ಣೇ ಬೇಕು. ಎರಡು, ನೀರು ಜಾಸ್ತಿಯಾಗಿ ಕೆಸರಾದರೆ ಗಾಳಿ ಆಡದೆ ನಾತ ಹೊಡೆಯುತ್ತದೆ. ಹಿಂಡಿದ ಬಟ್ಟೆಯಷ್ಟು ತೇವ ಇದ್ದರೆ ಸರಿ.

"ಪ್ಲಾಸ್ಟಿಕ್ ಕೊಳೆಯೋಕೆ 450 ವರ್ಷ ಬೇಕು" ಅಂತ ಎಲ್ಲ ಚಾರ್ಟುಗಳಲ್ಲೂ ಇರುತ್ತದಲ್ಲ, ಅದನ್ನು ಖಚಿತ ಸತ್ಯ ಅನ್ನೋ ಹಾಗೆ ಹೇಳಿಕೊಡಬೇಡಿ. ಅದು ಅಂದಾಜು. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಬೇಕಲೈಟ್ ಬಂದದ್ದು 1907ರಲ್ಲಿ. ನಾವು ನೀರು ಕುಡಿಯುವ ಪೆಟ್ ಬಾಟಲಿಗೆ ಪೇಟೆಂಟ್ ಸಿಕ್ಕಿದ್ದು 1973ರಲ್ಲಿ. 450 ವರ್ಷ ಕಾದು ನೋಡಿದವರು ಯಾರು? "ತುಂಬಾ ತುಂಬಾ ವರ್ಷ, ನಾವ್ಯಾರೂ ನೋಡೋಕೆ ಇರಲ್ಲ, ಅಲ್ಲೀವರೆಗೂ ಚೂರು ಚೂರು ಆಗ್ತಾ ಇರುತ್ತೆ" ಅನ್ನಿ. ಆ ಚೂರುಗಳು 5 ಮಿಲಿಮೀಟರಿಗಿಂತ ಸಣ್ಣದಾದರೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ.

ಇನ್ನೊಂದು ಗೊಂದಲ, ಬಾಟಲಿಯ ತಳದಲ್ಲಿರುವ ತ್ರಿಕೋನ ಮತ್ತು ಅದರೊಳಗಿನ 1ರಿಂದ 7ರ ಅಂಕಿ. ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುವ ಗುರುತು. ಮರುಬಳಕೆ ಆಗಿಯೇ ಆಗುತ್ತದೆ ಅಂತ ಅದರ ಅರ್ಥ ಅಲ್ಲ. ದೊಡ್ಡ ಮಕ್ಕಳಿಗೆ ಮನೆಯಲ್ಲಿರುವ ಅಂಕಿಗಳನ್ನೆಲ್ಲ ಹುಡುಕುವ ಆಟ ಕೊಡಿ, ಖುಷಿಯಾಗಿ ಮಾಡುತ್ತಾರೆ.

ಹಂತ 3: ನೀರು ತಿಳಿಯಾದರೆ ಶುದ್ಧವಾ?

ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ (ನೀವೇ ಕತ್ತರಿಸಿ), ಮುಚ್ಚಳ ತೆಗೆದು ತಲೆಕೆಳಗಾಗಿ ಗಾಜಿನ ಬಾಟಲಿಯ ಮೇಲೆ ಕೂರಿಸಿ. ಕತ್ತಿನಲ್ಲಿ ಹತ್ತಿ ತುರುಕಿ, ಅದರ ಮೇಲೆ ಮರಳು, ಮರಳಿನ ಮೇಲೆ ಜಲ್ಲಿ. ಇನ್ನೊಂದು ಬಾಟಲಿಯಲ್ಲಿ ನೀರಿಗೆ ಮಣ್ಣು, ಎಲೆ ಚೂರು ಹಾಕಿ ಮಗುವೇ ಕಲಕಲಿ. ಈ ಭಾಗ ಮಕ್ಕಳಿಗೆ ಪಂಚಪ್ರಾಣ. ಮೆಲ್ಲಗೆ ಸುರಿದರೆ ಕೆಳಗೆ ತೊಟ್ಟು ತೊಟ್ಟಾಗಿ ತಿಳಿಯಾದ ನೀರು ಬೀಳುತ್ತದೆ.

ಮರಳು ಮತ್ತು ಜಲ್ಲಿಯನ್ನು ಮೊದಲೇ ನಾಲ್ಕೈದು ಸಲ ತೊಳೆದಿರಬೇಕು. ಮೊದಲ ಸಲ ನಾನು ತೊಳೆಯದೇ ಮಾಡಿ, ಹಾಕಿದ್ದಕ್ಕಿಂತ ಕೊಳಕು ನೀರು ಹೊರಗೆ ಬಂದು, ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ತುಂಬಾ ಕಡೆ ಈ ಪ್ರಯೋಗವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಮಗು ಮನೆಗೆ ಒಯ್ಯುವ ಪಾಠ ಏನು? ಕೊಳಕು ನೀರನ್ನು ಸೋಸಿದರೆ ಸರಿಹೋಗುತ್ತದೆ, ತಿಳಿಯಾದ ನೀರು ಕುಡಿಯಬಹುದು ಅಂತ. ಎರಡೂ ತಪ್ಪು. ಹಾಗಾಗಿ ತಕ್ಷಣ ಎರಡನೆಯ ಸುತ್ತು ಮಾಡಿ. ಒಂದು ಲೋಟ ನೀರಿಗೆ ತಿನಿಸಿನ ಬಣ್ಣ ನಾಲ್ಕು ಹನಿ ಹಾಕಿ ಅದೇ ಸೋಸುವ ಬಾಟಲಿಗೆ ಸುರಿಯಿರಿ. ಮಣ್ಣನ್ನು ಹಿಡಿದ ಮರಳು ಬಣ್ಣವನ್ನು ಬಿಟ್ಟುಬಿಡುತ್ತದೆ. "ಬಣ್ಣ ಯಾಕೆ ಬಂತು?" ಬಣ್ಣ ನೀರಲ್ಲಿ ಕರಗಿದೆ, ಕರಗಿದ್ದು ಮರಳಿನ ಸಂದಿಯಲ್ಲಿ ನುಸುಳಿ ಹೋಗುತ್ತದೆ. 8 ದಾಟಿದವರಿಗೆ ಮೂರನೆಯ ಸುತ್ತೂ ಇದೆ. ಉಪ್ಪು ಕರಗಿಸಿದ ನೀರನ್ನು ಸೋಸಿ, ಒಂದು ಚಮಚ ತೆಗೆದು ಕಪ್ಪು ತಟ್ಟೆಯ ಮೇಲೆ ಬಿಸಿಲಿಗಿಡಿ. ಒಣಗಿದ ಮೇಲೆ ಬಿಳಿ ಉಂಗುರ ಉಳಿಯುತ್ತದೆ. ಕಣ್ಣಿಗೆ ನೀರು ತಿಳಿಯಾಗಿತ್ತು, ಆದರೂ ಅದರೊಳಗೆ ಏನೋ ಇತ್ತು. ಯಾವ ಸುತ್ತಿನ ನೀರನ್ನೂ ಯಾರೂ ಬಾಯಿಗೆ ಹಾಕಬಾರದು, ಇದನ್ನು ಶುರುವಿನಲ್ಲೇ ಹೇಳಿ, ಕೊನೆಯಲ್ಲೂ ಹೇಳಿ.

ಆ ನೀರು ಮಣ್ಣಿಗೆ ಹೋದರೆ? ಬಿಳಿ ಹೂವಿನ ಕಾಂಡವನ್ನು ಓರೆಯಾಗಿ ಕತ್ತರಿಸಿ, ಬಣ್ಣ ಗಾಢವಾಗಿರುವ ಅರ್ಧ ಲೋಟ ನೀರಲ್ಲಿ ನಿಲ್ಲಿಸಿ. ಇಲ್ಲಿ ನಾಲ್ಕು ಹನಿ ಸಾಲದು, ಇಪ್ಪತ್ತಾದರೂ ಬೇಕು. ಕೆಲವು ಗಂಟೆಗಳಿಂದ ಒಂದು ದಿನದೊಳಗೆ ದಳದ ಅಂಚಿನಲ್ಲಿ ಬಣ್ಣದ ಗೆರೆಗಳು ಕಾಣಿಸುತ್ತವೆ. ರಾತ್ರಿ ಇಟ್ಟು ಬೆಳಿಗ್ಗೆ ನೋಡುವುದು ಚೆಂದ. ಗಿಡಕ್ಕೆ ನೀರೊಂದೇ ಬೇಕು, ಬೇರೆಯದು ಬೇಡ ಅಂತ ಆರಿಸಿ ಕುಡಿಯಲು ಪೂರ್ತಿ ಬರುವುದಿಲ್ಲ ಅನ್ನುವುದು ಮಗುವಿಗೆ ಇಲ್ಲಿ ಹೊಳೆಯುತ್ತದೆ.

ನೀರು ಎಷ್ಟಿದೆ ಅನ್ನುವುದನ್ನು ತೋರಿಸಲು ಒಂದು ಲೀಟರ್ ಸಾಕು. ಆ ಲೀಟರ್ ಭೂಮಿಯ ಒಟ್ಟು ನೀರು ಅಂದುಕೊಂಡರೆ ಸುಮಾರು 970 ಮಿಲಿಲೀಟರ್ ಉಪ್ಪುನೀರು. ಉಳಿದ 30 ಮಿಲಿಲೀಟರಿನಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಹಿಮವಾಗಿ ಕೂತಿದೆ, ಮಿಕ್ಕಿದ್ದರಲ್ಲಿ ಹೆಚ್ಚಿನದು ನೆಲದಡಿ ಇದೆ. ಕೆರೆ, ನದಿಗಳಲ್ಲಿ ಇರುವ ಸಿಹಿನೀರು ಈ ಲೆಕ್ಕದಲ್ಲಿ ಒಂದೆರಡು ಹನಿ. ಆ ಹನಿಯನ್ನು ಮಗುವಿನ ಅಂಗೈ ಮೇಲೆ ಹಾಕಿ.

ಹಂತ 4: ಗಾಳಿಯನ್ನು ಒರೆಸಿ ನೋಡಿ

ಗಾಳಿ ಕಾಣುವುದಿಲ್ಲ, ಆದ್ದರಿಂದ ಇದು ಸ್ವಲ್ಪ ಕಷ್ಟದ ಪಾಠ. ಸುಲಭವಾದದ್ದು ಎಲೆ ಒರೆಸುವುದು. ಒದ್ದೆ ಬಿಳಿ ಬಟ್ಟೆಯಿಂದ ವಾಹನ ಓಡಾಡುವ ರಸ್ತೆ ಬದಿಯ ಗಿಡದ ಒಂದು ಎಲೆ ಒರೆಸಿ, ಬಟ್ಟೆಯ ಇನ್ನೊಂದು ಮೂಲೆಯಿಂದ ರಸ್ತೆಯಿಂದ ದೂರದ ಗಿಡದ ಎಲೆ ಒರೆಸಿ. ಎರಡು ಕಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಳೆ ಬಂದ ಮಾರನೆಯ ದಿನ ಮಾಡಿದರೆ ಏನೂ ಕಾಣುವುದಿಲ್ಲ. ಆಗಲೂ ಕೇಳಬಹುದು, ಧೂಳೆಲ್ಲ ಎಲ್ಲಿಗೆ ಹೋಯ್ತು?

ರಟ್ಟಿನ ಪ್ರಯೋಗಕ್ಕೆ ಬಿಳಿ ರಟ್ಟಿನ ನಾಲ್ಕು ಚೂರಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ, ಮೂರನ್ನು ಬೇರೆ ಬೇರೆ ಜಾಗದಲ್ಲಿ, ಮಳೆ ಬೀಳದ ಕಡೆ ತೂಗುಹಾಕಿ. ನಾಲ್ಕನೆಯದನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಹೊರಗಿನ ಗಾಳಿ ತಾಗದ ಇದು ಹೋಲಿಕೆಯ ಚೂರು, ವಿಜ್ಞಾನಿಗಳು ಕಂಟ್ರೋಲ್ ಅನ್ನುತ್ತಾರೆ. 3 ದಿನ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ, ಚುಕ್ಕಿ ಎಣಿಸಿ. ಹೂವಿನ ಪರಾಗ, ಸಣ್ಣ ನುಸಿ ಕೂಡ ಅಂಟಿರುತ್ತವೆ. ಎಲ್ಲ ಚುಕ್ಕಿಯೂ ಮಾಲಿನ್ಯ ಅಲ್ಲ ಅಂತ ಹೇಳಿಬಿಡಿ.

ಇನ್ನೊಂದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ರಟ್ಟಿನಲ್ಲಿ ಕಾಣುವುದು ದಪ್ಪ ಧೂಳು. ಎದೆಯೊಳಗೆ ಆಳಕ್ಕೆ ಇಳಿಯುವ ಸಣ್ಣ ಕಣ ಹೀಗೆ ಕಾಣುವುದಿಲ್ಲ. ಸುದ್ದಿಯಲ್ಲಿ ಬರುವ ಪಿಎಂ 2.5 ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು, ಅಂದರೆ ತಲೆಕೂದಲ ದಪ್ಪದ ಸುಮಾರು 30ರಲ್ಲಿ ಒಂದು ಭಾಗ ಅಥವಾ ಇನ್ನೂ ಸಣ್ಣದು. ಮಗುವಿನ ಕೂದಲೊಂದನ್ನು ಬಿಳಿ ಹಾಳೆಯ ಮೇಲಿಟ್ಟು, "ಇದನ್ನ ಉದ್ದಕ್ಕೆ 30 ಸೀಳು ಮಾಡಿದ್ರೆ ಒಂದು ಸೀಳಿನ ದಪ್ಪ ಎಷ್ಟು?" ಅಂತ ಕೇಳಿ. ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯೂಐ, ಗಾಳಿಗೆ ಕೊಡುವ ಅಂಕ. ಪರೀಕ್ಷೆಯ ಅಂಕಕ್ಕೆ ಉಲ್ಟಾ, ಜಾಸ್ತಿ ಬಂದಷ್ಟೂ ಕೆಟ್ಟದ್ದು. ದೇಶದಿಂದ ದೇಶಕ್ಕೆ ಅಳತೆ ಬೇರೆ ಇರುವುದರಿಂದ ಚಿಕ್ಕವರಿಗೆ ಅಂಕಿ ಬೇಡ, ಬಣ್ಣ ಸಾಕು: ಹಸಿರಿದ್ದರೆ ಹೊರಗೆ ಓಡು, ಕೆಂಪಿದ್ದರೆ ಒಳಗೆ ಆಡು.

ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಉಸಿರಾಡುತ್ತಾರೆ, ಅವರ ಮೂಗು ಇರುವುದೂ ವಾಹನದ ಹೊಗೆ ಕೊಳವೆಯ ಎತ್ತರಕ್ಕೆ ಹತ್ತಿರ. ಇದು ಮಗುವಿಗೆ ಹೇಳಲು ಅಲ್ಲ, ನಿಮಗೆ. ಶಾಲೆಯ ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟುಕೊಂಡು ಮೊಬೈಲ್ ನೋಡುತ್ತಾ ಕಾಯಬೇಡಿ.

ಹೊಗೆ ತೋರಿಸಬೇಕು ಅಂತ ಪ್ಲಾಸ್ಟಿಕ್ ಸುಟ್ಟು ತೋರಿಸುವವರಿಗೆ ಒಂದೇ ಮಾತು: ಬೇಡ. ಪಿವಿಸಿಯಂಥ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ.

ಹಂತ 5: ಸದ್ದು

ಇದಕ್ಕೆ ಹತ್ತು ನಿಮಿಷ ಸಾಕು. ಹಾಳೆಯ ನಡುವೆ ಮಗು ತನ್ನ ಚಿತ್ರ ಬರೆಯಲಿ. ಮೂರು ನಿಮಿಷ ಕಣ್ಣು ಮುಚ್ಚಿ ಕೂತು, ಕೇಳಿದ ಪ್ರತಿ ಸದ್ದಿಗೂ ಅದು ಬಂದ ದಿಕ್ಕಿನಲ್ಲಿ ಒಂದು ಗುರುತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಇಯರ್‌ಫೋನ್ ಹಾಕುವ ಮಕ್ಕಳಿದ್ದರೆ ನಿಮಗೊಂದು ಲೆಕ್ಕ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿಯ ಪ್ರಕಾರ ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಡೆಸಿಬೆಲ್ ಅಂದರೆ ಸದ್ದಿನ ಅಳತೆ. ಮೊಬೈಲ್ ಆ್ಯಪ್ ತೋರಿಸುವ ಡೆಸಿಬೆಲ್ ಅಂದಾಜು ಮಾತ್ರ.

ಹಂತ 6: ಒಂದೇ ಒಂದು ಕೆಲಸ, ಅದು ಮಗುವಿನದ್ದೇ

ಇಷ್ಟೆಲ್ಲ ನೋಡಿದ ಮಗುವಿಗೆ ಏನಾದರೂ ಮಾಡಬೇಕು ಅನಿಸುತ್ತದೆ. ಆಗ ನಾವು ಉತ್ಸಾಹದಲ್ಲಿ ಹತ್ತು ನಿಯಮದ ಪಟ್ಟಿ ಗೋಡೆಗೆ ಅಂಟಿಸುತ್ತೇವೆ. ಎರಡು ವಾರದಲ್ಲಿ ಅದು ಬರೀ ಗೋಡೆಯ ಅಲಂಕಾರ. ಒಂದು ಕೆಲಸ ಕೊಡಿ, ಪೂರ್ತಿ ಕೊಡಿ. ಹಸಿ ಕಸ, ಒಣ ಕಸ ಬೇರೆ ಮಾಡುವುದು, ಹೊರಗೆ ಹೋಗುವಾಗ ಬಟ್ಟೆ ಚೀಲ ನೆನಪಿಸುವುದು, ಗಿಡಕ್ಕೆ ನೀರು, ಖಾಲಿ ಕೋಣೆಯ ಲೈಟ್ ಆರಿಸುವುದು, ಇದರಲ್ಲಿ ಯಾವುದಾದರೂ ಒಂದು. ಮಗು ಮರೆತಾಗ ನೀವು ಮಾಡಿಬಿಡಬೇಡಿ. ಚೀಲ ಮರೆತರೆ ಕೊಂಡದ್ದನ್ನು ಇಬ್ಬರೂ ಕೈಯಲ್ಲಿ ಹಿಡಿದುಕೊಂಡು ಬನ್ನಿ, ಮುಂದಿನ ಸಲ ಮರೆಯುವುದಿಲ್ಲ.

ನಲ್ಲಿ ನೋಡಿಕೊಳ್ಳುವ ಕೆಲಸ ಕೊಟ್ಟರೆ ಅಳತೆ ಜೊತೆ ಕೊಡಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ 10 ನಿಮಿಷ ಲೋಟ ಇಟ್ಟು, ಬಿದ್ದ ನೀರನ್ನು ಅಳೆದು, 6ರಿಂದ ಗುಣಿಸಿದರೆ ಒಂದು ಗಂಟೆಯದ್ದು, ಅದನ್ನು 24ರಿಂದ ಗುಣಿಸಿದರೆ ಒಂದು ದಿನದ್ದು. ಸೆಕೆಂಡಿಗೆ ಒಂದೇ ಹನಿ ಬಿದ್ದರೂ ದಿನಕ್ಕೆ ಹಲವು ಲೀಟರ್. ಲೆಕ್ಕ ಮಾಡಿದ ಮಗು ನಿಮ್ಮನ್ನು ನಲ್ಲಿ ರಿಪೇರಿ ಮಾಡಿಸುವ ತನಕ ಬಿಡುವುದಿಲ್ಲ, ತಯಾರಾಗಿರಿ.

ಸಸಿ ನೆಡುವುದು ಬೇಡ ಅನ್ನುವುದಿಲ್ಲ. ಆದರೆ ನೆಟ್ಟು ಫೋಟೋ ತೆಗೆದು ಮರೆಯುವುದಾದರೆ, ಈಗಾಗಲೇ ಇರುವ ಗಿಡಕ್ಕೆ ವರ್ಷವಿಡೀ ನೀರು ಹಾಕುವುದೇ ಮೇಲು. ಒಂದೊಂದು ಕೆಲಸಕ್ಕೂ ಚಾಕೊಲೇಟ್, ಸ್ಟಾರ್ ಕೊಡುವ ಪದ್ಧತಿಯೂ ನನಗೆ ಹಿಡಿಸಿಲ್ಲ. ಸ್ಟಾರ್ ನಿಂತ ದಿನ ಕೆಲಸವೂ ನಿಲ್ಲುತ್ತದೆ.

ಮತ್ತೆ ಮಗು ಪೊಲೀಸ್ ಆಗುವ ಹಂತ ಬಂದೇ ಬರುತ್ತದೆ. ಬಂದ ನೆಂಟರಿಗೆಲ್ಲ "ನೀವ್ಯಾಕೆ ಪ್ಲಾಸ್ಟಿಕ್ ಕವರ್ ತಂದ್ರಿ?" ಅಂತ ಜೋರು ಮಾಡುತ್ತದೆ. ನಕ್ಕು ಪ್ರೋತ್ಸಾಹಿಸಬೇಡಿ, ಬೈದು ಬಾಯಿ ಮುಚ್ಚಿಸಲೂಬೇಡಿ. "ನೀನು ನಿನ್ನ ಚೀಲ ತೋರಿಸು, ಬೇರೆಯವರನ್ನ ಬೈಯೋದು ಬೇಡ" ಅನ್ನಿ. ನೀವು ಅದೇ ಮಗುವಿನ ಎದುರು ಕಾರಿನ ಕಿಟಕಿಯಿಂದ ಕವರ್ ಎಸೆದಿದ್ದರೆ ಈ ಮಾತಿಗೂ ಬೆಲೆ ಇರುವುದಿಲ್ಲ, ಅದು ಬೇರೆ.

ಹಂತ 7: ಕಷ್ಟದ ಪ್ರಶ್ನೆಗಳು

"ಭೂಮಿ ಸತ್ತು ಹೋಗುತ್ತಾ?" ಮಲಗುವ ಹೊತ್ತಿಗೇ ಈ ಪ್ರಶ್ನೆ ಬರುತ್ತದೆ. ಏನೂ ಆಗಲ್ಲ ಬಿಡು ಅಂತ ಸುಳ್ಳು ಹೇಳಬೇಡಿ. ದೊಡ್ಡ ಲೆಕ್ಚರ್ ಕೂಡ ಬೇಡ. "ಭೂಮಿಗೆ ತೊಂದರೆ ಆಗಿದೆ, ಸರಿ ಮಾಡೋಕೆ ತುಂಬಾ ಜನ ಕೆಲಸ ಮಾಡ್ತಿದ್ದಾರೆ, ನಾವೂ ಮಾಡ್ತಿದ್ದೀವಿ" ಅನ್ನಿ. ಆಮೇಲೆ ಸರಿಹೋದ ಕಥೆಗಳನ್ನು ಹೇಳಿ, ಅವು ಬೇಕಾದಷ್ಟಿವೆ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಜೀವವೇ ಉಳಿದಿಲ್ಲ ಅಂತ 1957ರಲ್ಲಿ ಹೇಳಿದ್ದರು, ಕೊಳಚೆ ನೀರು ಬಿಡುವುದನ್ನು ಸುಧಾರಿಸಿದ ಮೇಲೆ ಈಗ ಅಲ್ಲಿ 100ಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಭೂಮಿಗೆ ಕೊಡೆಯ ಹಾಗಿರುವ ಓಜೋನ್ ಪದರ ತೆಳುವಾದಾಗ ಹಲವು ದೇಶಗಳು ಸೇರಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಮಾಡಿಕೊಂಡವು, ಕೊಡೆ ನಿಧಾನಕ್ಕೆ ಸರಿಹೋಗುತ್ತಿದೆ. ವಾಹನಗಳಿಗೆ ಸೀಸ ಬೆರೆಸಿದ ಪೆಟ್ರೋಲ್ ಹಾಕುವುದು 2021ರ ಹೊತ್ತಿಗೆ ಜಗತ್ತಿನ ಎಲ್ಲ ಕಡೆ ನಿಂತಿತು. ಆದರೆ ಓಜೋನ್ ತೂತಿನಿಂದಲೇ ಭೂಮಿ ಬಿಸಿಯಾಗುತ್ತಿದೆ ಅಂತ ಎರಡನ್ನೂ ಕಲಸಬೇಡಿ. ಬಿಸಿಯಾಗಲು ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲ್ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು. ಅವು ಕಂಬಳಿಯ ಹಾಗೆ ಶಾಖ ಹಿಡಿದಿಡುತ್ತವೆ.

"ನಾನು ಕವರ್ ಬಿಸಾಕಿದ್ದಕ್ಕೆ ಆಮೆ ಸತ್ತೋಯ್ತಾ?" ಇದಕ್ಕೆ ಉತ್ತರ ತಕ್ಷಣ ಬೇಕು: ಇಲ್ಲ. ಇಷ್ಟು ದೊಡ್ಡ ಸಮಸ್ಯೆಯ ಭಾರ ಆರು ವರ್ಷದ ಹೆಗಲ ಮೇಲೆ ಕೂರಬಾರದು. ಎಷ್ಟೋ ಕವರುಗಳನ್ನು ತಯಾರಿಸಿದವರು, ಮಾರಿದವರು, ಕಸ ಒಯ್ಯುವ ವ್ಯವಸ್ಥೆ ಮಾಡದವರು ಎಲ್ಲರೂ ದೊಡ್ಡವರೇ.

ಗೊತ್ತಿಲ್ಲದ ಪ್ರಶ್ನೆ ಬಂದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ, ಭಾನುವಾರ ಒಟ್ಟಿಗೆ ಹುಡುಕಿ.

ಎಂಟನೆಯ ವಾರ ಕುಂಡವನ್ನು ಇನ್ನೊಮ್ಮೆ ಅಗೆಯಿರಿ. ಮೊದಲ ದಿನ ಬರೆದಿಟ್ಟ ಮಗುವಿನ ಉತ್ತರ ತೆಗೆದು ಓದಿ. ಉಳಿದದ್ದೆಲ್ಲ ಮಣ್ಣಿಗೆ ಸೇರಲಿ, ಪ್ಲಾಸ್ಟಿಕ್ ಚೂರನ್ನು ಮಾತ್ರ ತೊಳೆದು ಅಲ್ಲೇ ಮತ್ತೆ ಹೂಳಿ. ಅದರ ಕಡ್ಡಿಯ ಮೇಲೆ ಮುಂದಿನ ವರ್ಷದ ಇದೇ ತಾರೀಖನ್ನು ಮಗುವಿನ ಕೈಯಲ್ಲೇ ಬರೆಸಿ, ಕುಂಡದಲ್ಲಿ ಒಂದು ಬೀಜ ಹಾಕಿಬಿಡಿ.